ಪೆಟ್ಟು ಬಿದ್ದ ಗಳಿಗೆ ಯಾವುದು? ಎರಿಥ್ರೋಪೊಯಿಟಿನ್ ಪ್ರಯೋಗದ ಒಂದು ಪ್ರಕರಣ ಅಧ್ಯಯನ

“ಹುಟ್ಟಿದ ಕೂಡಲೇ ಮಗು ಅತ್ತಿತೇ?” ಕುತ್ತಿಗೆ ನಿಲ್ಲದ, ಕೂರಲು ತಡವಾದ, ಕೈಕಾಲು ಬಿಗಿಯಾದ ಮಗುವನ್ನು ಎತ್ತಿಕೊಂಡು ನಮ್ಮ ಯಾವ ಊರಿನ ಮಕ್ಕಳ ವೈದ್ಯರ ಬಳಿ ಹೋದರೂ ಅವರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ತಾಯಂದಿರು ವರ್ಷಗಳ ನಂತರವೂ ಇದಕ್ಕೆ ನಿಮಿಷದ ಲೆಕ್ಕದಲ್ಲಿ ಉತ್ತರ ಹೇಳಬಲ್ಲರು: ಅಳಲಿಲ್ಲ, ಮೈ ನೀಲಿಗಟ್ಟಿತ್ತು, ಹೊಟ್ಟೆಯೊಳಗೇ ಮಲ ಮಾಡಿಕೊಂಡಿತ್ತಂತೆ, ನನಗೆ ಮುಖ ತೋರಿಸದೆಯೇ ಎತ್ತಿಕೊಂಡು ಹೋದರು. ಈ ಪ್ರಶ್ನೋತ್ತರದಲ್ಲಿ ಒಂದು ನಂಬಿಕೆ ಅಡಗಿದೆ. ಮೆದುಳಿಗೆ ಪೆಟ್ಟು ಬಿದ್ದದ್ದು ಹೆರಿಗೆಯ ಆ ಕೆಲವು ನಿಮಿಷಗಳಲ್ಲೇ ಎಂಬ ನಂಬಿಕೆ ಅದು. ಹಲವು ಸಲ ಅದು ನಿಜ. ಆದರೆ ಆಮ್ಲಜನಕದ ಕೊರತೆ ಗರ್ಭದೊಳಗೇ ಗಂಟೆಗಳ ಹಿಂದೆ, ಒಮ್ಮೊಮ್ಮೆ ದಿನಗಳ ಹಿಂದೆ ಶುರುವಾಗಿದ್ದು, ಮಗು ಅಳದೆ ಹುಟ್ಟುವುದು ಅದರ ಕೊನೆಯ ಚಿಹ್ನೆ ಮಾತ್ರವಾಗಿರುವ ಸಂದರ್ಭಗಳೂ ಇವೆ. ಮೆದುಳನ್ನು ಔಷಧದಿಂದ ಕಾಪಾಡಲು ಹೊರಟವರಿಗೆ ಈ ವ್ಯತ್ಯಾಸವೇ ಎಲ್ಲಕ್ಕಿಂತ ದೊಡ್ಡ ತೊಡಕು ಎಂಬುದು ನನ್ನ ಅಭಿಪ್ರಾಯ. ಆ ತೊಡಕನ್ನು ಹತ್ತಿರದಿಂದ ನೋಡಲು ಅಮೆರಿಕದಲ್ಲಿ ನಡೆದ ‘ಹೀಲ್’ ಎಂಬ ಪ್ರಯೋಗಕ್ಕಿಂತ ಒಳ್ಳೆಯ ಪ್ರಕರಣ ಸಿಗುವುದು ಕಷ್ಟ.

ಹೀಲ್ ಪ್ರಯೋಗದ ಪ್ರಶ್ನೆ ಸರಳವಾಗಿತ್ತು. ಉಸಿರುಗಟ್ಟಿ ಹುಟ್ಟಿ, ಮೆದುಳಿನ ಕಾರ್ಯದಲ್ಲಿ ಮಧ್ಯಮ ಅಥವಾ ತೀವ್ರ ಏರುಪೇರು ಕಾಣಿಸಿಕೊಂಡ ಶಿಶುವಿಗೆ, ಮೈಯನ್ನು ತಂಪಾಗಿಸಿಡುವ, ಈಗಾಗಲೇ ರೂಢಿಯಲ್ಲಿರುವ ಶೀತಲ ಚಿಕಿತ್ಸೆಯ ಜೊತೆಗೆ ಎರಿಥ್ರೋಪೊಯಿಟಿನ್ ಎಂಬ ಹಾರ್ಮೋನನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ, ಆ ಮಗು ಬದುಕುವ ಮತ್ತು ಊನವಿಲ್ಲದೆ ಬೆಳೆಯುವ ಸಾಧ್ಯತೆ ಹೆಚ್ಚುತ್ತದೆಯೇ? ಉತ್ತರ ಹೌದು ಎಂದೇ ಬರುತ್ತದೆಂದು ಬಹಳ ಮಂದಿ ನಿರೀಕ್ಷಿಸಿದ್ದರು. ಹಾಗೆ ನಿರೀಕ್ಷಿಸಲು ಅವರಿಗೆ ಒಳ್ಳೆಯ ಕಾರಣಗಳೂ ಇದ್ದವು.

ರಕ್ತದ ಔಷಧ, ಮೆದುಳಿನ ಆಸೆ

ನಮ್ಮ ಡಯಾಲಿಸಿಸ್ ಕೇಂದ್ರಗಳಲ್ಲಿ ಎರಿಥ್ರೋಪೊಯಿಟಿನ್ ಹೊಸ ಹೆಸರಲ್ಲ. ಮೂತ್ರಪಿಂಡ ಕೈಕೊಟ್ಟ ರೋಗಿಗಳಲ್ಲಿ ರಕ್ತಹೀನತೆ ಬರುವುದು ಈ ಹಾರ್ಮೋನಿನ ಕೊರತೆಯಿಂದ. ವಾರಕ್ಕೆ ಎರಡು ಮೂರು ಸಲ ಅದರ ಇಂಜೆಕ್ಷನ್ ಪಡೆಯುವವರು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದಾಗ ದೇಹ ಇದನ್ನು ಹೆಚ್ಚು ತಯಾರಿಸುತ್ತದೆ, ಮೂಳೆಮಜ್ಜೆ ಆ ಸೂಚನೆ ಪಡೆದು ಕೆಂಪು ರಕ್ತಕಣಗಳನ್ನು ಹೆಚ್ಚಿಸುತ್ತದೆ. ವಯಸ್ಕರಲ್ಲಿ ಇದನ್ನು ಮುಖ್ಯವಾಗಿ ಮೂತ್ರಪಿಂಡ ಮಾಡುತ್ತದೆ, ಗರ್ಭಸ್ಥ ಶಿಶುವಿನಲ್ಲಿ ಯಕೃತ್ತು. ಷಿಕಾಗೋದ ಯೂಜೀನ್ ಗೋಲ್ಡ್‌ವಾಸರ್ ಅವರ ತಂಡ ತೀವ್ರ ರಕ್ತಹೀನತೆಯ ರೋಗಿಗಳಿಂದ ಸಂಗ್ರಹಿಸಿದ 2,550 ಲೀಟರ್ ಮೂತ್ರದಿಂದ ಕೆಲವೇ ಮಿಲಿಗ್ರಾಂ ಶುದ್ಧ ಹಾರ್ಮೋನನ್ನು ಬೇರ್ಪಡಿಸಿದ್ದು 1977ರಲ್ಲಿ. ಜೀನ್ ತಂತ್ರಜ್ಞಾನದಿಂದ ತಯಾರಿಸಿದ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1989ರಲ್ಲಿ. ಈ ಹಾರ್ಮೋನಿನ ಜೀನ್ ಆಮ್ಲಜನಕದ ಏರಿಳಿತವನ್ನು ಹೇಗೆ ಗ್ರಹಿಸುತ್ತದೆಂದು ಹುಡುಕುತ್ತ ಹೋದವರಿಗೆ ಜೀವಕೋಶಗಳು ಆಮ್ಲಜನಕವನ್ನು ಅಳೆಯುವ ವಿಧಾನವೇ ತಿಳಿಯಿತು, 2019ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಆ ಕೆಲಸಕ್ಕೇ ಸಂದಿತು.

ಮೆದುಳಿನ ಜೀವಕೋಶಗಳ ಮೇಲೂ ಈ ಹಾರ್ಮೋನು ಬಂದು ಕೂರುವ ಗ್ರಾಹಕಗಳಿವೆ ಎಂಬುದು ಗೊತ್ತಾದಾಗ ಕತೆ ಬೇರೆ ದಿಕ್ಕು ಹಿಡಿಯಿತು. ಆಮ್ಲಜನಕ ಸಿಗದೆ ಕಂಗೆಟ್ಟ ನರಕೋಶ ತಾನಾಗಿಯೇ ಸಾಯುವ ನಿರ್ಧಾರಕ್ಕೆ ಬರುವುದನ್ನು ಇದು ತಡೆಯುತ್ತದೆ, ಉರಿಯೂತವನ್ನು ತಗ್ಗಿಸುತ್ತದೆ, ನರತಂತುಗಳಿಗೆ ಹೊದಿಕೆ ಕಟ್ಟುವ ಕೋಶಗಳನ್ನು ಬೆಳೆಸಲು ನೆರವಾಗುತ್ತದೆ ಎಂದು ಪ್ರಾಣಿಗಳಲ್ಲಿ ಒಂದರ ಮೇಲೊಂದು ಅಧ್ಯಯನ ತೋರಿಸಿತು. ಬೆಲೆ ಕೈಗೆಟುಕುವಂತಿತ್ತು, ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ರಕ್ತಹೀನತೆಗೆ ಕೊಟ್ಟು ಅಭ್ಯಾಸವೂ ಇತ್ತು. ಔಷಧವೊಂದರಿಂದ ಇಷ್ಟು ಗುಣಗಳನ್ನು ಒಟ್ಟಿಗೆ ಬಯಸುವುದು ದುರಾಸೆಯೇ ಸರಿ. ಇದರಲ್ಲಿ ಅವೆಲ್ಲ ಇದ್ದಂತೆ ಕಂಡಿತು.

ಎರಡನೆಯ ಸಾವು

ಔಷಧ ಯಾವಾಗ ತಲುಪಬೇಕು ಎಂಬುದನ್ನು ತಿಳಿಯಬೇಕಾದರೆ ಮೆದುಳು ಹೇಗೆ ಹಾಳಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹೊಕ್ಕುಳಬಳ್ಳಿ ಒತ್ತಿಹೋಗುತ್ತದೆ, ಅಥವಾ ಮಾಸು ಗರ್ಭಕೋಶದ ಗೋಡೆಯಿಂದ ಮೊದಲೇ ಕಳಚಿಕೊಳ್ಳುತ್ತದೆ, ಅಥವಾ ಗರ್ಭಕೋಶವೇ ಬಿರಿಯುತ್ತದೆ. ರಕ್ತವೂ ಆಮ್ಲಜನಕವೂ ನಿಂತಾಗ ನರಕೋಶದಲ್ಲಿ ಶಕ್ತಿಯ ದಾಸ್ತಾನು ಬರಿದಾಗುತ್ತದೆ. ಸೋಡಿಯಂ ಹೊರಗೆ, ಪೊಟ್ಯಾಸಿಯಂ ಒಳಗೆ ಎಂದು ಹಗಲಿರುಳು ದುಡಿಯುವ ಪಂಪುಗಳು ನಿಲ್ಲುತ್ತವೆ. ಕೋಶ ನೀರು ಹೀರಿ ಊದಿಕೊಳ್ಳುತ್ತದೆ. ಗ್ಲುಟಮೇಟ್ ಎಂಬ ರಾಸಾಯನಿಕ ತುಂಬಿ ಹರಿದು ಪಕ್ಕದ ಕೋಶಗಳನ್ನು ಎಡೆಬಿಡದೆ ಕೆರಳಿಸುತ್ತದೆ, ಅವುಗಳೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ. ಕೆಲವು ಕೋಶಗಳು ಆಗಲೇ ಸಾಯುತ್ತವೆ.

ಆದರೆ ಮಗುವಿಗೆ ಉಸಿರು ಕೊಟ್ಟು ರಕ್ತಸಂಚಾರ ಮರಳಿದ ಮೇಲೆ ಉಳಿದ ಕೋಶಗಳು ಚೇತರಿಸಿಕೊಳ್ಳುತ್ತವೆ, ಕೆಲವು ಗಂಟೆ ಎಲ್ಲವೂ ಸರಿಹೋದಂತೆ ಕಾಣುತ್ತದೆ. 1980ರ ದಶಕದಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಆಸ್ಮಂಡ್ ರೆನಾಲ್ಡ್ಸ್ ಮತ್ತು ಸಂಗಡಿಗರು ಇಂಥ ನವಜಾತ ಶಿಶುಗಳನ್ನು ಕಾಂತಕ್ಷೇತ್ರದ ಯಂತ್ರದಲ್ಲಿಟ್ಟು ಮೆದುಳಿನ ಶಕ್ತಿರಾಸಾಯನಿಕಗಳನ್ನು ಅಳೆದಾಗ, ಮೊದಲ ಗಂಟೆಗಳಲ್ಲಿ ಸಹಜವಾಗಿದ್ದ ಮಟ್ಟ ಮುಂದಿನ ದಿನಗಳಲ್ಲಿ ಮತ್ತೆ ಕುಸಿಯುವುದು ಕಂಡಿತು. ಆಮ್ಲಜನಕ ಸಾಕಷ್ಟಿದ್ದರೂ ಮೆದುಳು ಎರಡನೆಯ ಸಲ ಸಾಯತೊಡಗಿತ್ತು. ಈ ಎರಡು ಕುಸಿತಗಳ ನಡುವಿನ ಬಿಡುವೇ ಚಿಕಿತ್ಸೆಗೆ ಇರುವ ಅವಕಾಶ.

ಆ ಬಿಡುವು ಎಷ್ಟು ಹೊತ್ತಿನದು? ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಆಲಿಸ್ಟರ್ ಗನ್ ಮತ್ತು ಪೀಟರ್ ಗ್ಲಕ್‌ಮನ್ ಕುರಿಯ ಗರ್ಭದಲ್ಲಿರುವ ಮರಿಗಳ ಮೇಲೆ ಮಾಡಿದ ಪ್ರಯೋಗಗಳು ಇದಕ್ಕೆ ಉತ್ತರ ಕೊಟ್ಟವು. ಮರಿಯ ಮೆದುಳಿಗೆ ರಕ್ತ ಹೋಗುವುದನ್ನು ಅರ್ಧ ಗಂಟೆ ತಡೆದು, ನಂತರ ತಲೆಯನ್ನು ತಂಪಾಗಿಸಿ ಮೂರು ದಿನ ಹಾಗೆಯೇ ಇಡಲಾಯಿತು. ಒಂದೂವರೆ ಗಂಟೆಯಲ್ಲಿ ತಂಪು ಶುರುವಾದಾಗ ಮೆದುಳು ಬಹುಮಟ್ಟಿಗೆ ಉಳಿಯಿತು. ಐದೂವರೆ ಗಂಟೆಯಲ್ಲಿ ಶುರುವಾದಾಗ ಲಾಭ ಕಡಿಮೆಯಾಯಿತು. ಎಂಟೂವರೆ ಗಂಟೆಯ ಹೊತ್ತಿಗೆ, ಅಂದರೆ ಫಿಟ್ಸ್ ಕಾಣಿಸಿಕೊಂಡ ಮೇಲೆ, ಲಾಭವೇ ಇರಲಿಲ್ಲ. ಹುಟ್ಟಿದ ಆರು ಗಂಟೆಯೊಳಗೆ ಮಗುವಿನ ಮೈಯನ್ನು 33.5 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ 72 ಗಂಟೆ ಇಡಬೇಕೆಂಬ ಇಂದಿನ ನಿಯಮದ ಬೇರು ಇಲ್ಲಿದೆ. 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 208 ಶಿಶುಗಳಿದ್ದವು. ಸಾವು ಅಥವಾ ಮಧ್ಯಮದಿಂದ ತೀವ್ರ ಅಂಗವಿಕಲತೆಯ ಪ್ರಮಾಣ ತಂಪಾಗಿಸಿದವರಲ್ಲಿ ಶೇ. 44, ಉಳಿದವರಲ್ಲಿ ಶೇ. 62 ಇತ್ತು. ಇದು ದೊಡ್ಡ ಗೆಲುವು. ಆದರೆ ತಂಪಾಗಿಸಿದರೂ ನೂರರಲ್ಲಿ ನಲವತ್ತನಾಲ್ಕು ಮಕ್ಕಳಿಗೆ ಅದು ಸಾಲಲಿಲ್ಲ, ಮತ್ತು ಆ ನಲವತ್ತನಾಲ್ಕು ಮಕ್ಕಳಿಗಾಗಿಯೇ ಔಷಧ ಬೇಕಾಗಿತ್ತು.

ಆ ಕುರಿಮರಿಗಳಲ್ಲಿ ಪೆಟ್ಟು ಬಿದ್ದ ನಿಮಿಷ ಸಂಶೋಧಕರಿಗೆ ಗೊತ್ತಿತ್ತು, ಏಕೆಂದರೆ ರಕ್ತವನ್ನು ತಡೆದವರೂ ಬಿಟ್ಟವರೂ ಅವರೇ. ಮನುಷ್ಯರ ಮಗುವಿನಲ್ಲಿ ಗಡಿಯಾರ ಶುರುವಾಗುವುದು ಹುಟ್ಟಿದ ಕ್ಷಣದಿಂದ.

ಪ್ರಯೋಗದ ದಾರಿ

ಎರಿಥ್ರೋಪೊಯಿಟಿನ್ ಬಗ್ಗೆ ಆಸೆ ಹುಟ್ಟಿಸಿದ ಪ್ರಾಣಿ ಅಧ್ಯಯನಗಳಲ್ಲಿ ಸಿಯಾಟಲ್‌ನಲ್ಲಿ ಸಾಂಡ್ರಾ ಜೂಲ್ ಅವರ ತಂಡ ಕೋತಿಮರಿಗಳ ಮೇಲೆ ಮಾಡಿದ್ದು ಬಹಳ ಮುಖ್ಯವಾದುದು. ಹೆರಿಗೆಗೆ ಸ್ವಲ್ಪ ಮುನ್ನ ಹೊಕ್ಕುಳಬಳ್ಳಿಯನ್ನು 15ರಿಂದ 18 ನಿಮಿಷ ಬಿಗಿದು, ನಂತರ ಮರಿಯನ್ನು ಹೊರತೆಗೆದು ಬದುಕಿಸಲಾಯಿತು. ಸಾವು ಅಥವಾ ಮಧ್ಯಮದಿಂದ ತೀವ್ರ ಸೆರೆಬ್ರಲ್ ಪಾಲ್ಸಿ (ಮೆದುಳಿನ ಹಾನಿಯಿಂದ ಕೈಕಾಲಿನ ಚಲನೆ ಕುಂಠಿತವಾಗುವ ಸ್ಥಿತಿ), ಚಿಕಿತ್ಸೆಯಿಲ್ಲದ ಮರಿಗಳಲ್ಲಿ ಶೇ. 43, ಬರೀ ತಂಪಾಗಿಸಿದ ಮರಿಗಳಲ್ಲಿ ಶೇ. 44, ತಂಪಿನ ಜೊತೆ ಎರಿಥ್ರೋಪೊಯಿಟಿನ್ ಪಡೆದ ಮರಿಗಳಲ್ಲಿ ಸೊನ್ನೆ. ಈ ಫಲಿತಾಂಶ ಪ್ರಕಟವಾದದ್ದು 2013ರಲ್ಲಿ. ಮರಿಗಳ ಸಂಖ್ಯೆ ಚಿಕ್ಕದು, ಆದರೂ ಆ ಸೊನ್ನೆಯನ್ನು ನೋಡಿದ ಯಾವ ವೈದ್ಯರ ಮನಸ್ಸು ತಾನೇ ಅರಳದೆ ಇದ್ದೀತು? ಮೊದಲ ಡೋಸು ಅರ್ಧ ಗಂಟೆಯಲ್ಲಿ ಕೊಟ್ಟದ್ದು ಎಂಬ ವಿವರವನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು.

ಮನುಷ್ಯರಲ್ಲಿ, ಚೀನಾದ ಝೆಂಗ್‌ಝೌನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಾವು ಅಥವಾ ಮಧ್ಯಮದಿಂದ ತೀವ್ರ ಅಂಗವಿಕಲತೆ ಶೇ. 43.8ರಿಂದ ಶೇ. 24.6ಕ್ಕೆ ಇಳಿದಿತ್ತು. ಅಲ್ಲಿ ಶೀತಲ ಚಿಕಿತ್ಸೆ ಇರಲಿಲ್ಲ. ನಂತರ ಅಮೆರಿಕದಲ್ಲಿ 50 ಶಿಶುಗಳ ಸಣ್ಣ ಅಧ್ಯಯನವೊಂದು ನಡೆಯಿತು. ತಂಪಿನ ಜೊತೆ ಈ ಔಷಧ ಪಡೆದವರ ಎಂಆರ್‌ಐನಲ್ಲಿ ಹಾನಿ ಕಡಿಮೆ ಕಂಡಿತು, ಒಂದು ವರ್ಷದ ವಯಸ್ಸಿನಲ್ಲಿ ಚಲನೆಯೂ ಉತ್ತಮವಾಗಿತ್ತು. ಈ ಮೆಟ್ಟಿಲನ್ನೇರಿಯೇ ಹೀಲ್ ಬಂತು. ಅದರ ಮುಂದಾಳತ್ವ ವಹಿಸಿದವರು ಯೋವೊನ್ ವೂ ಮತ್ತು ಸಾಂಡ್ರಾ ಜೂಲ್.

2017ರ ಜನವರಿಯಿಂದ 2019ರ ಅಕ್ಟೋಬರ್‌ವರೆಗೆ ಅಮೆರಿಕದ 17 ಕೇಂದ್ರಗಳಲ್ಲಿ ಶಿಶುಗಳನ್ನು ಸೇರಿಸಿಕೊಳ್ಳಲಾಯಿತು. ಗರ್ಭದಲ್ಲಿ 36 ವಾರ ಅಥವಾ ಹೆಚ್ಚು ಕಾಲ ಬೆಳೆದು, ಹುಟ್ಟುವಾಗ ಉಸಿರುಗಟ್ಟಿದ ಲಕ್ಷಣಗಳಿದ್ದು, ಆರು ಗಂಟೆಯೊಳಗೆ ತಂಪಾಗಿಸಲು ತೊಡಗಿದ ಶಿಶುಗಳು ಮಾತ್ರ ಅರ್ಹವಾಗಿದ್ದವು. ಚೀಟಿ ಎತ್ತಿದಂತೆ ಅವುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಎರಿಥ್ರೋಪೊಯಿಟಿನ್, ಇನ್ನೊಂದಕ್ಕೆ ಅಷ್ಟೇ ಪ್ರಮಾಣದ ಸಲೈನ್ ಕೊಡಲಾಯಿತು. ಯಾರಿಗೆ ಏನು ಹೋಗಿದೆ ಎಂಬುದು ತಾಯ್ತಂದೆಯರಿಗೂ ಗೊತ್ತಿರಲಿಲ್ಲ, ಚಿಕಿತ್ಸೆ ನೀಡುವ ವೈದ್ಯರಿಗೂ ಗೊತ್ತಿರಲಿಲ್ಲ. ಡೋಸು ಪ್ರತಿ ಕೆ.ಜಿ. ತೂಕಕ್ಕೆ 1,000 ಯೂನಿಟ್, ಒಟ್ಟು ಐದು ಸಲ. ಡಯಾಲಿಸಿಸ್ ರೋಗಿಗೆ ಆರಂಭದಲ್ಲಿ ಕೊಡುವುದಕ್ಕಿಂತ ಇದು ಹತ್ತರಿಂದ ಇಪ್ಪತ್ತು ಪಟ್ಟು ದೊಡ್ಡದು, ಏಕೆಂದರೆ ರಕ್ತದಿಂದ ಮೆದುಳಿಗೆ ದಾಟುವುದು ಬಹಳ ಸ್ವಲ್ಪವೇ.

ಆ ಹಾಸಿಗೆಯ ಬಳಿ ಒಂದು ಗಳಿಗೆ ನಿಲ್ಲೋಣ. ತಂಪುನೀರು ಹರಿಯುವ ಚಾಪೆಯ ಮೇಲೆ ಮಗು ಬರಿಮೈಯಲ್ಲಿ ಮಲಗಿರುತ್ತದೆ. ಮುಟ್ಟಿದರೆ ಮೈ ತಣ್ಣಗೆ, ಬಣ್ಣ ಬಿಳಚು. ನಿಮಿಷಕ್ಕೆ ನೂರನಲವತ್ತರ ಆಸುಪಾಸಿನಲ್ಲಿರಬೇಕಾದ ಎದೆಬಡಿತ ತೊಂಬತ್ತು ನೂರಕ್ಕೆ ಇಳಿದಿರುತ್ತದೆ. ತಲೆಯ ಮೇಲೆ ಅಂಟಿಸಿದ ತಂತಿಗಳು ಮೆದುಳಿನ ವಿದ್ಯುತ್ತನ್ನು ಪರದೆಯ ಮೇಲೆ ಒಂದು ದಪ್ಪ ಪಟ್ಟಿಯಾಗಿ ಬರೆಯುತ್ತಿರುತ್ತವೆ. ಪಟ್ಟಿ ಅಗಲವಾಗಿ ಏರಿಳಿದರೆ ವೈದ್ಯರ ಮುಖ ಸಡಿಲವಾಗುತ್ತದೆ, ತಳಕ್ಕೆ ಅಂಟಿಕೊಂಡು ತೆಳ್ಳಗಾದರೆ ಮಾತು ನಿಲ್ಲುತ್ತದೆ. ಮೂರು ಕೆ.ಜಿ. ತೂಕದ ಮಗುವಿಗೆ ಬೇಕಾದದ್ದು 3,000 ಯೂನಿಟ್, ಒಂದು ಸಣ್ಣ ಸಿರಿಂಜಿನಲ್ಲಿ ಹಿಡಿಯುವ ಬಣ್ಣವಿಲ್ಲದ ದ್ರವ. ಸಲೈನೂ ಹಾಗೆಯೇ ಇರುತ್ತದೆ. ಇಂಥ ಗಳಿಗೆಯಲ್ಲಿ ತಾಯಿ ಇನ್ನೂ ಹೊಲಿಗೆಯ ನೋವಿನಲ್ಲಿ, ಎಷ್ಟೋ ಸಲ ಬೇರೊಂದು ಆಸ್ಪತ್ರೆಯ ಹಾಸಿಗೆಯಲ್ಲಿರುತ್ತಾಳೆ, ಮತ್ತು ಆಕೆಯ ಬಳಿ ಹೋಗಿ ಪ್ರಯೋಗದ ಒಪ್ಪಿಗೆ ಕೇಳಬೇಕಾಗುತ್ತದೆ. ಒಪ್ಪಿಗೆಗೂ ಸಾಗಣೆಗೂ ಹೊತ್ತು ಹಿಡಿಯುತ್ತದೆ. ಆದ್ದರಿಂದ ಮೊದಲ ಡೋಸಿಗೆ ಹುಟ್ಟಿದ 26 ಗಂಟೆಯವರೆಗೆ ಅವಕಾಶ ಇಟ್ಟಿದ್ದರು. ಇದು ಬೇಜವಾಬ್ದಾರಿಯಿಂದ ಆದದ್ದಲ್ಲ. ತಂದೆತಾಯಿಗೆ ಯೋಚಿಸಲು ಸಮಯ ಕೊಡದೆ ಅವರ ಮಗುವನ್ನು ಪ್ರಯೋಗಕ್ಕೆ ತೆಗೆದುಕೊಳ್ಳುವುದು ಸರಿಯಲ್ಲ. ಆದರೂ ಕೋತಿಮರಿಯ ಅರ್ಧ ಗಂಟೆಗೂ ಈ 26 ಗಂಟೆಗೂ ನಡುವೆ, ಮೇಲೆ ಹೇಳಿದ ಬಿಡುವು ಮುಗಿದುಹೋಗಿ ಎರಡನೆಯ ಕುಸಿತ ಶುರುವಾಗಿರುತ್ತದೆ.

2022ರ ಜುಲೈಯಲ್ಲಿ ಫಲಿತಾಂಶ ಹೊರಬಂತು. ವಿಶ್ಲೇಷಣೆಗೆ ಸೇರಿದ 500 ಮಕ್ಕಳಲ್ಲಿ, 22ರಿಂದ 36 ತಿಂಗಳ ವಯಸ್ಸಿನ ಹೊತ್ತಿಗೆ ಸಾವು ಅಥವಾ ನರಬೆಳವಣಿಗೆಯ ಊನ ಕಂಡುಬಂದದ್ದು ಎರಿಥ್ರೋಪೊಯಿಟಿನ್ ಗುಂಪಿನಲ್ಲಿ ಶೇ. 52.5, ಸಲೈನ್ ಗುಂಪಿನಲ್ಲಿ ಶೇ. 49.5. ಔಷಧದಿಂದ ಲಾಭವಾಗಲಿಲ್ಲ. ಅಷ್ಟೇ ಆಗಿದ್ದರೆ ನಿರಾಶೆ ಮಾತ್ರ ಉಳಿಯುತ್ತಿತ್ತು, ಆದರೆ ಗಂಭೀರ ಅಡ್ಡಪರಿಣಾಮಗಳ ಸಂಖ್ಯೆ ಸಲೈನ್ ಗುಂಪಿನಲ್ಲಿ ಮಗುವೊಂದಕ್ಕೆ ಸರಾಸರಿ 0.67 ಇದ್ದರೆ ಔಷಧದ ಗುಂಪಿನಲ್ಲಿ 0.86 ಇತ್ತು. ಊನ ಎಂಬುದರ ವ್ಯಾಖ್ಯೆಯಲ್ಲಿ ಅರಿವಿನ ಅಂಕ 90ಕ್ಕಿಂತ ಕಡಿಮೆ ಇರುವ ಮಕ್ಕಳನ್ನೂ ಸೇರಿಸಿದ್ದರಿಂದ ಸೌಮ್ಯ ಹಿಂದುಳಿಕೆಯೂ ಲೆಕ್ಕಕ್ಕೆ ಬಂತೆಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಎರಡು ಗುಂಪಿಗೂ ಅಳತೆಗೋಲು ಒಂದೇ. ತಂಪಿನ ಜೊತೆಗೆ, ಈ ಪ್ರಮಾಣದಲ್ಲಿ, ಈ ಹೊತ್ತಿಗೆ ಕೊಟ್ಟರೆ ಈ ಔಷಧದಿಂದ ಉಪಯೋಗವಿಲ್ಲ ಎಂಬ ತೀರ್ಮಾನವನ್ನು ತಪ್ಪಿಸಿಕೊಳ್ಳಲು ದಾರಿ ಕಾಣುವುದಿಲ್ಲ. ಶೀತಲ ಚಿಕಿತ್ಸೆ ಪಡೆಯುತ್ತಿರುವ ಮಗುವಿಗೆ “ಕೊಟ್ಟರೆ ನಷ್ಟವೇನು” ಎಂದು ಇದನ್ನು ಕೊಡುವುದು ಇನ್ನು ಸಲ್ಲದು ಎಂದೇ ನಾನು ಹೇಳುತ್ತೇನೆ. ನಷ್ಟವಿರಬಹುದು ಎಂಬುದನ್ನು ಆ 500 ಮಕ್ಕಳು ತೋರಿಸಿಕೊಟ್ಟಿದ್ದಾರೆ.

ತೀರ ಅವಧಿಪೂರ್ವ ಶಿಶುಗಳಲ್ಲೂ ಇದೇ ನಿರಾಶೆ ಎದುರಾಗಿತ್ತು. 24 ವಾರದಿಂದ 28 ವಾರದೊಳಗೆ ಹುಟ್ಟಿದ 941 ಶಿಶುಗಳ ಅಧ್ಯಯನ 2020ರಲ್ಲಿ ಪ್ರಕಟವಾದಾಗ ಎರಡೂ ಗುಂಪಿನಲ್ಲಿ ಸಾವು ಅಥವಾ ತೀವ್ರ ಊನದ ಪ್ರಮಾಣ ಒಂದೇ ಆಗಿತ್ತು, ಶೇ. 26.

ಯಾಕೆ ಕೆಲಸ ಮಾಡಲಿಲ್ಲ

ಒಂದು ವಿವರಣೆ ಎರಡು ಚಿಕಿತ್ಸೆಗಳ ಜಗಳದ್ದು. ತಂಪು ಈಗಾಗಲೇ ಜೀವಕೋಶದ ಸಾವಿನ ಅದೇ ದಾರಿಗಳನ್ನು ಮುಚ್ಚಿದ್ದರೆ, ಔಷಧಕ್ಕೆ ಮುಚ್ಚಲು ಉಳಿದದ್ದು ಕಡಿಮೆ. ಚೀನಾದ ಶಿಶುಗಳಿಗೆ ತಂಪು ಸಿಕ್ಕಿರಲಿಲ್ಲ, ಅಲ್ಲಿ ಲಾಭ ಕಂಡಿತು. ನಮ್ಮ ದೇಶದ ಶ್ರೀನಗರದಲ್ಲಿ 100 ಶಿಶುಗಳಿಗೆ ತಂಪಿಲ್ಲದೆ ಬರೀ ಎರಿಥ್ರೋಪೊಯಿಟಿನ್ ಅಥವಾ ಪ್ಲಾಸಿಬೊ (ಔಷಧದ ಅಂಶವಿಲ್ಲದ ಹುಸಿಮದ್ದು) ಕೊಟ್ಟು ನೋಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅಲ್ಲಿ ಸಾವು ಅಥವಾ ಮಧ್ಯಮದಿಂದ ತೀವ್ರ ಅಂಗವಿಕಲತೆ ಪ್ಲಾಸಿಬೊ ಗುಂಪಿನಲ್ಲಿ ಶೇ. 70, ಔಷಧದ ಗುಂಪಿನಲ್ಲಿ ಶೇ. 40. ಮೊದಲ ಡೋಸು ಆರು ಗಂಟೆಯೊಳಗೆ ಹೋಗಿತ್ತು, ಪ್ರಮಾಣ ಹೀಲ್‌ನ ಅರ್ಧದಷ್ಟು. ಒಂದು ಔಷಧ ಇನ್ನೊಂದು ಚಿಕಿತ್ಸೆಯ ಜೊತೆ ಸೇರಿದಾಗ ಎಡವುವುದು ಹೊಸದೂ ಅಲ್ಲ. ಜರ್ಮನಿಯಲ್ಲಿ ಪಾರ್ಶ್ವವಾಯು ಬಡಿದ 522 ವಯಸ್ಕರಿಗೆ ಎರಿಥ್ರೋಪೊಯಿಟಿನ್ ಕೊಟ್ಟ ಅಧ್ಯಯನದಲ್ಲಿ, ಅವರಲ್ಲಿ ಬಹಳ ಮಂದಿ ರಕ್ತದ ಹೆಪ್ಪು ಕರಗಿಸುವ ಔಷಧವನ್ನೂ ಪಡೆದಿದ್ದಾಗ, ಸಾವಿನ ಪ್ರಮಾಣ ಶೇ. 9.0ರಿಂದ ಶೇ. 16.4ಕ್ಕೆ ಏರಿತ್ತು.

ಇನ್ನೊಂದು ವಿವರಣೆ ಗಡಿಯಾರದ್ದು. ಇದೇ ನನಗೆ ಹೆಚ್ಚು ತೂಕದ್ದಾಗಿ ಕಾಣುತ್ತದೆ. ಹುಟ್ಟಿದ ಸಮಯದಿಂದ ಎಣಿಸಿದರೆ 26 ಗಂಟೆಯೇ ತಡ. ಪೆಟ್ಟು ಬಿದ್ದದ್ದು ಹುಟ್ಟುವ ಮೊದಲೇ ಆಗಿದ್ದರೆ, ಆರು ಗಂಟೆಯೊಳಗೆ ಔಷಧ ತಲುಪಿದರೂ ತಡವಾಗಿರಬಹುದು. ಈ ಅನುಮಾನ ಹಳೆಯದು. ಕಷ್ಟದ ಹೆರಿಗೆ, ಉಸಿರುಗಟ್ಟಿದ ಶಿಶು, ನಂತರ ಬಿಗಿದ ಕೈಕಾಲು, ಈ ಸರಪಳಿಯನ್ನು ಲಂಡನ್ನಿನ ವೈದ್ಯ ವಿಲಿಯಂ ಲಿಟಲ್ 1862ರಲ್ಲೇ ಕಟ್ಟಿಕೊಟ್ಟಿದ್ದರು. ಮನೋವಿಶ್ಲೇಷಣೆಯತ್ತ ಹೊರಳುವ ಮುನ್ನ ನರರೋಗ ವೈದ್ಯರಾಗಿದ್ದ ಸಿಗ್ಮಂಡ್ ಫ್ರಾಯ್ಡ್ 1897ರಲ್ಲಿ ಅದನ್ನು ಪ್ರಶ್ನಿಸಿದರು. ಕಷ್ಟದ ಹೆರಿಗೆ ಕೆಲವರಲ್ಲಿ ಕಾರಣವಲ್ಲ, ಗರ್ಭದಲ್ಲಿಯೇ ಶಿಶುವಿನ ಬೆಳವಣಿಗೆಯನ್ನು ತಟ್ಟಿದ ಆಳದ ತೊಂದರೆಯೊಂದರ ಲಕ್ಷಣ ಇರಬಹುದೆಂದು ಅವರ ವಾದ.

ಹೀಲ್ ತಂಡ ತನ್ನ ಶಿಶುಗಳ ಮಾಸಿನ ಪರೀಕ್ಷಾ ವರದಿಗಳನ್ನು ಒಟ್ಟುಗೂಡಿಸಿ ನೋಡಿದ್ದು ಈ ದೃಷ್ಟಿಯಿಂದ ದೊಡ್ಡ ಉಪಕಾರ. ವರದಿ ಸಿಕ್ಕ ಮಾಸುಗಳಲ್ಲಿ ಬಹುಪಾಲು ಸಹಜವಾಗಿರಲಿಲ್ಲ. ಆಗಷ್ಟೇ ಆದ ಬದಲಾವಣೆಗಳ ಜೊತೆಗೆ, ವಾರಗಳ ಕಾಲ ನಿಧಾನವಾಗಿ ಬಂದಿರಬೇಕಾದ ಹಳೆಯ ಬದಲಾವಣೆಗಳೂ ಹಲವದರಲ್ಲಿ ಇದ್ದವು. ಹೊರನೋಟಕ್ಕೆ ಹೆರಿಗೆಯ ದಿನದ ಅವಘಡದಂತೆ ಕಂಡ ಎಷ್ಟೋ ಪ್ರಸಂಗಗಳಿಗೆ ಹೀಗೆ ಹಿಂದಿನ ಚರಿತ್ರೆಯೊಂದಿತ್ತು.

ಬೆಂಗಳೂರಿನ ಶಿಶುಗಳು

ಈ ಮಾತು ನಮಗೆ ನೇರವಾಗಿ ತಟ್ಟುವುದು ‘ಹೀಲಿಕ್ಸ್’ ಎಂಬ ಇನ್ನೊಂದು ಅಧ್ಯಯನದ ಮೂಲಕ. ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ ಏಳು ದೊಡ್ಡ ಆಸ್ಪತ್ರೆಗಳ ನವಜಾತ ಶಿಶು ಘಟಕಗಳಲ್ಲಿ ಸುಧಿನ್ ತಯ್ಯಿಲ್ ಅವರ ನೇತೃತ್ವದಲ್ಲಿ ಅದು ನಡೆಯಿತು. ಬೆಂಗಳೂರಿನ ಶಿಶುಗಳೂ ಅದರಲ್ಲಿದ್ದವು. ಇಲ್ಲಿ ಪರೀಕ್ಷೆಗೊಳಗಾದದ್ದು ಔಷಧವಲ್ಲ, ಪಶ್ಚಿಮದಲ್ಲಿ ಗೆದ್ದ ಶೀತಲ ಚಿಕಿತ್ಸೆಯೇ. 408 ಶಿಶುಗಳ ಫಲಿತಾಂಶ 2021ರಲ್ಲಿ ಪ್ರಕಟವಾದಾಗ ಓದಿದವರು ಬೆಚ್ಚಿದರು. ಸಾವು ಅಥವಾ ಮಧ್ಯಮದಿಂದ ತೀವ್ರ ಅಂಗವಿಕಲತೆ ತಂಪಾಗಿಸಿದವರಲ್ಲಿ ಶೇ. 50, ತಂಪಾಗಿಸದವರಲ್ಲಿ ಶೇ. 47. ಸಾವನ್ನಷ್ಟೇ ತೆಗೆದುಕೊಂಡರೆ ತಂಪಾಗಿಸಿದವರಲ್ಲಿ ಶೇ. 42, ಉಳಿದವರಲ್ಲಿ ಶೇ. 31.

ಯಂತ್ರಗಳು ಒಳ್ಳೆಯವೇ ಆಗಿದ್ದವು, ಸಿಬ್ಬಂದಿ ತರಬೇತಿ ಪಡೆದವರೇ ಆಗಿದ್ದರು. ಆದ್ದರಿಂದ “ನಮ್ಮ ಆಸ್ಪತ್ರೆಗಳು ಹೀಗೆಯೇ” ಎಂದು ಸುಲಭವಾಗಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಆ ಮಕ್ಕಳ ಎಂಆರ್‌ಐಗಳಲ್ಲಿ ಕಂಡ ಹಾನಿಯ ಬಗೆ ಬೇರೆ ಇತ್ತು. ಹಠಾತ್ತನೆ ಪೂರ್ತಿ ಉಸಿರುಗಟ್ಟಿದಾಗ ಹಾಳಾಗುವುದು ಮೆದುಳಿನ ಆಳದಲ್ಲಿರುವ ಬೂದುಬಣ್ಣದ ಗಂಟುಗಳು. ಇಲ್ಲಿ ಹೆಚ್ಚಾಗಿ ಹಾಳಾಗಿದ್ದದ್ದು ಬಿಳಿಯ ಭಾಗ, ದೀರ್ಘಕಾಲದ ಅಥವಾ ಬಿಟ್ಟುಬಿಟ್ಟು ಬಂದ ಕೊರತೆಯನ್ನು ಸೂಚಿಸುವ ಬಗೆ. ಬಡ ಮತ್ತು ಶ್ರೀಮಂತ ದೇಶಗಳ ಶಿಶುಗಳ ರಕ್ತದಲ್ಲಿ ಜೀನ್‌ಗಳ ಚಟುವಟಿಕೆಯನ್ನು ಹೋಲಿಸಿದ ನಂತರದ ಸಂಶೋಧನೆಯೂ ಅದೇ ಕಡೆಗೆ ಬೊಟ್ಟು ಮಾಡಿತು. ಅಲ್ಲಿನ ಮಕ್ಕಳಲ್ಲಿ ತಟ್ಟನೆ ಬಂದ ಕೊರತೆಯ ಗುರುತು, ಇಲ್ಲಿನ ಮಕ್ಕಳಲ್ಲಿ ಬಹುಕಾಲ ಮರುಕಳಿಸಿದ ಕೊರತೆಯ ಗುರುತು. ಆರು ಗಂಟೆಯ ಲೆಕ್ಕವನ್ನು ಹುಟ್ಟಿನಿಂದ ಶುರುಮಾಡಿದ್ದೇ ಈ ಮಕ್ಕಳ ಮಟ್ಟಿಗೆ ತಪ್ಪಾಗಿತ್ತು ಎಂದು ಇದನ್ನು ಓದಬಹುದು. ಶ್ರೀನಗರದ ಅಧ್ಯಯನದ ಶೇ. 40 ಮತ್ತು ಶೇ. 70 ನನಗೆ ಭರವಸೆ ಕೊಡುವುದೂ ಎಚ್ಚರಿಕೆ ಕೊಡುವುದೂ ಇದೇ ಕಾರಣಕ್ಕೆ. ತಂಪು ಒಗ್ಗದ ಮಕ್ಕಳಿಗೆ ಔಷಧವೊಂದೇ ನೆರವಾಗಬಹುದು. ಆದರೆ ಐವತ್ತು ಮಕ್ಕಳಲ್ಲಿ ಕಂಡ ಫಲಿತಾಂಶ ಐನೂರರ ಮುಂದೆ ಮಗುಚಿಬೀಳುವುದನ್ನು ನಾವು ಹೀಲ್‌ನಲ್ಲಿ ನೋಡಿಯಾಗಿದೆ.

ಹುಟ್ಟುವ ಮೊದಲೇ ಕೊಡುವಂತಿದ್ದರೆ?

ಪೆಟ್ಟು ಗರ್ಭದಲ್ಲೇ ಬಿದ್ದಿದ್ದರೆ ಔಷಧವೂ ಗರ್ಭಕ್ಕೇ ಹೋಗಲಿ ಎನ್ನುವುದು ಸಹಜವಾದ ಯೋಚನೆ. ಆದರೆ ಎರಿಥ್ರೋಪೊಯಿಟಿನ್ ಅಣು ದೊಡ್ಡದು, ಮನುಷ್ಯರಲ್ಲಿ ಅದು ಮಾಸನ್ನು ದಾಟಿ ಮಗುವನ್ನು ಸೇರುವುದಿಲ್ಲ. ಗೌಟ್ ಕಾಯಿಲೆಗೆ ಕೊಡುವ ಅಲೋಪ್ಯೂರಿನಾಲ್ ದಾಟುತ್ತದೆ. ಆಮ್ಲಜನಕ ಮರಳಿ ಹರಿಯುವಾಗ ಹುಟ್ಟುವ ಹಾನಿಕರ ಕಣಗಳನ್ನು ಅದು ಕಡಿಮೆ ಮಾಡುತ್ತದೆ. ನೆದರ್‌ಲೆಂಡ್ಸ್‌ನಲ್ಲಿ, ಹೆರಿಗೆನೋವಿನ ನಡುವೆ ಮಗುವಿಗೆ ಉಸಿರು ಸಾಲುತ್ತಿಲ್ಲವೆಂಬ ಶಂಕೆ ಬಂದ 222 ತಾಯಂದಿರಿಗೆ ಅಲೋಪ್ಯೂರಿನಾಲ್ ಅಥವಾ ಪ್ಲಾಸಿಬೊವನ್ನು ನರಕ್ಕೆ ಕೊಟ್ಟು, ಹೊಕ್ಕುಳಬಳ್ಳಿಯ ರಕ್ತದಲ್ಲಿ ಮೆದುಳಿನ ಹಾನಿಯ ಸೂಚಕವನ್ನು ಅಳೆಯಲಾಯಿತು. ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಶಂಕೆ ಬಂದ ತಾಯಂದಿರಲ್ಲಿ ಬಹಳಷ್ಟು ಮಂದಿಯ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತವೆ. ಹೊಟ್ಟೆಯ ಮೇಲೆ ಕಟ್ಟಿದ ಯಂತ್ರ ಎದೆಬಡಿತದ ಇಳಿತವನ್ನು ತೋರಿಸುತ್ತದೆಯೇ ಹೊರತು ಮೆದುಳಿನ ಸ್ಥಿತಿಯನ್ನಲ್ಲ.

ಗರ್ಭದಲ್ಲಿರುವಾಗಲೇ ಕೊಟ್ಟು ಮೆದುಳನ್ನು ಉಳಿಸಿದ ಔಷಧ ಇದುವರೆಗೆ ನಮಗೆ ಚೆನ್ನಾಗಿ ಗೊತ್ತಿರುವುದು ಮೆಗ್ನೀಸಿಯಂ ಸಲ್ಫೇಟ್. ಬಸುರಿಯರ ನಂಜಿನ ಫಿಟ್ಸ್‌ಗೆ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲೂ ಕೊಡುವ ಮದ್ದು ಅದು. 2008ರಲ್ಲಿ ಪ್ರಕಟವಾದ, 2,241 ತಾಯಂದಿರಿದ್ದ ಅಮೆರಿಕದ ಅಧ್ಯಯನದಲ್ಲಿ, ಅವಧಿಗೆ ಬಹಳ ಮುನ್ನ ಹುಟ್ಟಲಿದ್ದ ಮಕ್ಕಳಲ್ಲಿ ಮಧ್ಯಮ ಅಥವಾ ತೀವ್ರ ಸೆರೆಬ್ರಲ್ ಪಾಲ್ಸಿ ಶೇ. 3.5ರಿಂದ ಶೇ. 1.9ಕ್ಕೆ ಇಳಿಯಿತು. ಅಲ್ಲಿ ಔಷಧ ಗೆದ್ದದ್ದಕ್ಕೆ ಒಂದು ಕಾರಣ ಸ್ಪಷ್ಟವಿದೆ: ಮಗು ಬೇಗ ಹುಟ್ಟಲಿದೆ ಎಂಬುದು ಮೊದಲೇ ತಿಳಿದಿರುತ್ತದೆ, ಮದ್ದು ಅಪಾಯಕ್ಕಿಂತ ಮುಂದೆ ಹೋಗಿ ಕಾದಿರುತ್ತದೆ. ತುಂಬು ತಿಂಗಳ ಮಗು ಉಸಿರುಗಟ್ಟುವುದಕ್ಕೆ ಅಂಥ ಮುನ್ಸೂಚನೆಯಿಲ್ಲ.

ಹಾಗಾದರೆ ಹುಟ್ಟಿದ ಮೇಲಾದರೂ, ಪೆಟ್ಟು ಎಂದು ಬಿದ್ದಿತೆಂದು ತಿಳಿಯಲು ಸಾಧ್ಯವೇ? ಭಾಗಶಃ ಸಾಧ್ಯ, ಮತ್ತು ಈ ಪ್ರಕರಣದಲ್ಲಿ ನನ್ನನ್ನು ಬಹಳ ಕಾಡಿದ ಸಂಗತಿ ಇದು. ಗರ್ಭದಲ್ಲಿ ಆಮ್ಲಜನಕ ಕಡಿಮೆಯಾದಾಗ ಮಗುವಿನ ದೇಹ ತಾನೇ ಎರಿಥ್ರೋಪೊಯಿಟಿನ್ ತಯಾರಿಸತೊಡಗುತ್ತದೆ, ಆದರೆ ಅದರ ಮಟ್ಟ ರಕ್ತದಲ್ಲಿ ಏರಲು ಗಂಟೆಗಳು ಬೇಕು. ಕೊನೆಯ ಹತ್ತು ನಿಮಿಷದಲ್ಲಿ ಉಸಿರುಗಟ್ಟಿದ ಮಗುವಿನ ಹೊಕ್ಕುಳಬಳ್ಳಿಯ ರಕ್ತದಲ್ಲಿ ಅದು ಏರಿರುವುದಿಲ್ಲ. ದಿನಗಟ್ಟಲೆ ಕೊರತೆ ಅನುಭವಿಸಿದ ಮಗುವಿನಲ್ಲಿ ಬಹಳ ಏರಿರುತ್ತದೆ, ಬಲಿಯದ ಕೆಂಪು ರಕ್ತಕಣಗಳೂ ಹೆಚ್ಚಿರುತ್ತವೆ. ನಾವು ಔಷಧವಾಗಿ ಕೊಡಲು ಹೊರಟ ವಸ್ತುವೇ ಪೆಟ್ಟಿನ ಹೊತ್ತನ್ನು ಬರೆದಿಟ್ಟುಕೊಂಡಿರುತ್ತದೆ. ಮುಂದಿನ ಪ್ರಯೋಗಗಳು ಎಲ್ಲ ಶಿಶುಗಳನ್ನೂ ‘ಉಸಿರುಗಟ್ಟಿ ಹುಟ್ಟಿದವು’ ಎಂಬ ಒಂದೇ ಚೀಲಕ್ಕೆ ತುಂಬುವ ಬದಲು, ಈ ರಕ್ತವನ್ನೂ ಮಾಸನ್ನೂ ನೋಡಿ, ಆಗಷ್ಟೇ ಪೆಟ್ಟು ತಿಂದವರನ್ನೂ ಬಹುಕಾಲದಿಂದ ಬಳಲಿದವರನ್ನೂ ಬೇರೆ ಮಾಡಿ ಚಿಕಿತ್ಸೆ ಕೊಡಬೇಕೆಂದು ಕೇಳುವುದಕ್ಕೆ ಇಷ್ಟು ಆಧಾರ ಸಾಕು.

ಅದಕ್ಕೆ ಬೇಕಾದದ್ದು ದುಬಾರಿಯದೇನೂ ಅಲ್ಲ. ಹೆರಿಗೆಯಾದ ಕೂಡಲೇ ಬಳ್ಳಿಯ ತುಂಡೊಂದನ್ನು ಎರಡು ಕಡೆ ಬಿಗಿದು ರಕ್ತ ತೆಗೆಯಬೇಕು. ಮಾಸನ್ನು ತೂಗಿ, ಬಳ್ಳಿ ಹೊರಟ ಜಾಗವನ್ನು ನೋಡಿ, ತಾಯಿಗೆ ಅಂಟಿದ್ದ ಮುಖದಲ್ಲಿ ಹೆಪ್ಪೋ ಬಿಳಿಚಿದ ಗಟ್ಟಿ ಭಾಗವೋ ಇದ್ದರೆ ಬರೆದಿಟ್ಟು, ಫಾರ್ಮಲಿನ್ ತುಂಬಿದ ಡಬ್ಬಿಯಲ್ಲಿ ಪರೀಕ್ಷೆಗೆ ಕಳಿಸಬೇಕು. ನಮ್ಮ ಹಳ್ಳಿಗಳಲ್ಲಿ ಮಾಸನ್ನು ಮನೆಯ ಹಿತ್ತಲಲ್ಲಿ ಆಳವಾಗಿ ಹೂಳುತ್ತಿದ್ದರು. ಈಗಿನ ಹೆರಿಗೆ ಕೊಠಡಿಗಳಲ್ಲಿ ಅದು ಆಸ್ಪತ್ರೆ ತ್ಯಾಜ್ಯದ ಹಳದಿ ಚೀಲಕ್ಕೆ ಬೀಳುತ್ತದೆ, ಮಗು ಇನ್ನೂ ಮೊದಲ ಉಸಿರಿಗಾಗಿ ಹೆಣಗುತ್ತಿರುವಾಗಲೇ.